ಹಿಮದೂರಿನ ಹಿಟ್ಟಿನ ಎತ್ತು

ನಾವಿಬ್ಬರೂ ಧಾರವಾಡ ಸೀಮೆಯ ಹಳ್ಳಿಯವರು. ಪತ್ರಿಕೋದ್ಯಮ ಓದಿ, ಆಮೇಲೆ ಕೆಲಸ ಹುಡುಕಿಕೊಂಡು ಕೆನಡಾದ ಸಸ್ಕಟೂನಿಗೆ ಬಂದೆವು. ಇಲ್ಲಿ ನವೆಂಬರಿನಲ್ಲಿ ಬಿದ್ದ ಹಿಮ ಕರಗಲು ಏಪ್ರಿಲ್ ಬರಬೇಕು. ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದೇ ಬೆಳಗಿನ 9 ದಾಟಿದ ಮೇಲೆ. ಸಂಜೆ 5ಕ್ಕೆಲ್ಲ ಮುಳುಗಿಬಿಡುತ್ತಾನೆ.

ಕಳೆದ ಚಳಿಗಾಲ ಅವ್ವ ಬಂದಿದ್ದಳು. ನಮ್ಮಲ್ಲೊಬ್ಬರಿಗೆ ತಾಯಿ, ಇನ್ನೊಬ್ಬರಿಗೆ ಅತ್ತೆ, ಇಬ್ಬರಿಗೂ ಅವ್ವ. ಹೊಲ ಮನೆ ಅಂತ ದಿನವಿಡೀ ಓಡಾಡಿದ ಜೀವ. ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಚಳಿಯಲ್ಲಿ ಹೊರಗೆ ಕಾಲಿಡುವಂತಿಲ್ಲ. ಮೂರನೇ ವಾರಕ್ಕೆ ಮಾತೇ ಕಡಿಮೆಯಾಯಿತು. ಕಿಟಕಿ ಪಕ್ಕ ಕೂತುಬಿಡುತ್ತಿದ್ದಳು. ನಮಗೆ ದಿಗಿಲಾಯಿತು.

ಒಂದು ಭಾನುವಾರ ಚಪಾತಿ ಹಿಟ್ಟು ಉಳಿದಿತ್ತು. ಅವ್ವ ಅದಕ್ಕೆ ಒಣಹಿಟ್ಟು ಸೇರಿಸಿ ಗಟ್ಟಿಯಾಗಿ ನಾದಿ, ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡುವ ಹಾಗೆ ಹೆಬ್ಬೆರಳಿನಷ್ಟು ಎತ್ತು ಮಾಡಿದಳು. ಹೊರಗೆ ಮಣ್ಣು ಕಲ್ಲಾಗಿತ್ತು, ಹಿಟ್ಟೇ ಗತಿ. ಕಣ್ಣಿಗೆ ಸಾಸಿವೆ, ಕೋಡಿಗೆ ಒಣಕೊಬ್ಬರಿ ಚೂರು. ಏಳು ವರ್ಷದ ಮಗಳು ಓಡಿ ಬಂದಳು.

"ಉಣ್ಣೋ ಹಿಟ್ಟಿನ್ಯಾಗ ಆಡಿದ್ರ ಸುಟ್ಟು ತಿಂದ ಮುಗಸಬೇಕು ನೋಡು" ಎಂದು ಅವ್ವ ಕರಾರು ಹಾಕಿದಳು.

ಅಲ್ಲಿಂದ ದಿನಾ ಅದೇ ಆಟ. ಗಜ್ಜರಿ ಹೋಳಿನ ಗಾಲಿಯ ಚಕ್ಕಡಿ, ರೂಪಾಯಿಯಷ್ಟು ರೊಟ್ಟಿ, ಪಾಲಕ್ ಎಲೆಯಲ್ಲಿ ಬುತ್ತಿಗಂಟು. ಹೊಲಕ್ಕೆಂದು ನಾವು ಮಸೂರ ಬೇಳೆ ಹರಡಿದೆವು. ಈ ಸಸ್ಕಾಚೆವಾನ್ ಸೀಮೆಯಲ್ಲಿ ಮಸೂರ ಹೇರಳವಾಗಿ ಬೆಳೆಯುತ್ತದೆ, ಭಾರತಕ್ಕೂ ಹೋಗುತ್ತದೆ. "ಈ ಹಿಮದ ನೆಲದಾಗ?" ಎಂದು ಅವ್ವ ಬೆರಗಾದಳು. ಆಮೇಲೆ ಬೇಳೆ ಬಳಿದು ಪಕ್ಕಕ್ಕಿಟ್ಟಳು. "ನಮ್ಮದು ಎರಿ ಹೊಲ, ಮಸಾರಿ ಅಲ್ಲ. ಕರೇ ಉದ್ದು ತರ್ರಿ."

ಮಗಳ ಬಾಯಲ್ಲಿ ನೊಗ, ಕೂರಿಗೆ, ಮೂಗುದಾರ ಎಂಬ ಮಾತು ಬಂದವು. ನಾವು ಕಲಿಸದೇ ಬಿಟ್ಟ ಮಾತುಗಳು. ಅವ್ವನ ದನಿಯೂ ಮರಳಿತು.

ಒಂದು ಸಂಜೆ ಮಗಳು ಕೇಳಿದಳು: "ಅಜ್ಜಿ, ನಿಮ್ಮ ನಿಜವಾದ ಎತ್ತು ಈಗ ಎಲ್ಲಿವೆ?"

ಅವ್ವ ಹಿಟ್ಟು ತೀಡುತ್ತಲೇ ಅಂದಳು: "ಮಾರಿದ್ವಿ ಕೂಸ. ಇವರು ಇಲ್ಲಿಗೆ ಬರೂ ವರ್ಷ, ಟಿಕೀಟಿಗೆ."

ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆದಿದ್ದಾನೆ ಎಂದೇ ನಾವು ಇಷ್ಟು ವರ್ಷ ತಿಳಿದಿದ್ದೆವು. ಎತ್ತು ಕಾಣದಿದ್ದಾಗ, ಈಗೆಲ್ಲ ಟ್ರಾಕ್ಟರ್ ಅಲ್ಲವೇ ಎಂದುಕೊಂಡಿದ್ದೆವು. ಪ್ರಶ್ನೆ ಕೇಳುವುದನ್ನೇ ಓದಿ ಪಾಸಾದವರು ನಾವು. ಮನೆಯಲ್ಲಿ ಒಂದು ಪ್ರಶ್ನೆ ಕೇಳಿರಲಿಲ್ಲ.

ಆ ರಾತ್ರಿ ಚಕ್ಕಡಿ, ರೊಟ್ಟಿ ಎಲ್ಲ ತಿಂದು ಮುಗಿಸಿದೆವು. ಎತ್ತಿನ ಜೋಡಿಯನ್ನು ಮಾತ್ರ ಮಗಳು ಕೊಡಲಿಲ್ಲ. ಕರಾರು ಹಾಕಿದ್ದ ಅವ್ವನೇ ಸೋತಳು.

"ಅವನ್ನಂತೂ ಮಾರಿದ್ವಿ. ಇವರ ಇರಲಿ ಬಿಡು."

ಹಿಮ ಕರಗಿದ ಮೇಲೆ ಅವ್ವ ಊರಿಗೆ ಹೋದಳು. ಎತ್ತುಗಳು ಒಣಗಿ ಬಿರುಕು ಬಿಟ್ಟಿವೆ. ಕಿಟಕಿಯಲ್ಲಿ, ಅವಳು ಕೂರುತ್ತಿದ್ದ ಜಾಗದಲ್ಲೇ ಇಟ್ಟಿದ್ದೇವೆ.