ಪರದೇಶದ ಮುದ್ರೆ

ನಮ್ಮ ಚಿಂಚಲಿಯ ಮಾಯಕ್ಕದೇವಿಯ ಜಾತ್ರೆಗೆ ಮಾಘಮಾಸದಲ್ಲಿ ಬರುವ ಯಾತ್ರಿಕರ ಕಾಲುಗಳಲ್ಲಿ ತೊಗಲಿನ ಕಾಲ್ಮರಿಗಳು ಇಂದಿಗೂ ಕಾಣುತ್ತವೆ. ಸುಶಿಕ್ಷಿತರ ಮನೆಗಳ ಹೊಸ್ತಿಲ ಬಳಿ ಅವು ವಿರಳ. ಅಲ್ಲಿರುವವು ಪರದೇಶೀ ಹೆಸರಿನ ಬೂಟುಗಳು. ಅವುಗಳೊಳಗೂ ಎಷ್ಟೋ ಜೊತೆ ಬರಿಯ ನಕಲು!

೨೦೨೫ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಕಂಪನಿಯು ಮಿಲಾನ್ ನಗರದ ತನ್ನ ಉಡುಪಿನ ಪ್ರದರ್ಶನದಲ್ಲಿ ಇಂಥವೇ ಕಾಲ್ಮರಿಗಳನ್ನು ಮೆರೆಯಿಸಿತು. ಮೂಲವನ್ನು ಮೊದಲು ಹೇಳದೆ, ಆಕ್ಷೇಪವೆದ್ದ ಮೇಲೆ ಒಪ್ಪಿಕೊಂಡಿತು. ಆಗ ನಮ್ಮವರಿಗೆ ಉಕ್ಕಿದ ಅಭಿಮಾನವನ್ನು ಏನೆಂದು ಬಣ್ಣಿಸಲಿ! ನೆರೆಮನೆಯ ತರುಣನು, “ಕಾಕಾ, ಅಥಣಿಗೆ ಹೋದರ ನನಗೊಂದು ಜೋಡು ತರ್ರಿ” ಎಂದನು. ಹಿಂದಿನ ವರ್ಷ ನನ್ನ ಕಾಲು ನೋಡಿ ನಕ್ಕವನು ಇವನೇ.

ಕಾಲ್ಮರಿಯಂತೂ ಬದಲಾಗಿರಲಿಲ್ಲ. ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಗೊಂಡ ಅದೇ ಎಮ್ಮೆಯ ತೊಗಲು. ಮೊಳೆಯಿಲ್ಲದೆ ತೊಗಲಿನ ಎಳೆಯಿಂದಲೇ ಹಾಕಿದ ಅದೇ ಹೊಲಿಗೆ. ಹೆಣಿಕೆಯ ಕೆಲಸವು ಬಹುಮಟ್ಟಿಗೆ ಹೆಂಗಸರದು. ಅಥಣಿ, ನಿಪ್ಪಾಣಿಗಳಲ್ಲಿ ಮಾಡಿದ್ದಕ್ಕೂ ಪೇಟೆಯು ‘ಕೊಲ್ಹಾಪುರಿ’ ಎಂದೇ ಹೆಸರಿಟ್ಟಿತು. ೨೦೧೯ರಲ್ಲಿ ದೊರೆತ ಭೌಗೋಳಿಕ ಸೂಚಕದಲ್ಲಿ ಮಾತ್ರ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಪಾಲುಂಟು.

ಪರದೇಶದ ಮಾಲೆಲ್ಲವೂ ಹುಸಿಯೆಂದು ನಾನೆನ್ನೆನು. ಮಳೆಗಾಲದ ಕೆಸರಿಗೆ ರಬ್ಬರಿನ ಅಡಿಯೇ ಮೇಲು. ಆದರೆ ನಮ್ಮ ತಿರಸ್ಕಾರವು ಕೆಸರಿನ ಕಾರಣದಿಂದ ಹುಟ್ಟಿದ್ದಲ್ಲ. ಸಮಗಾರನ ಜಾತಿಯನ್ನು ಕೀಳೆಂದ ಕಣ್ಣೇ ಅವನ ಕೈಕೆಲಸವನ್ನೂ ಕೀಳೆಂದಿತು. ಮಿಲಾನಿನ ದೀಪದ ಬೆಳಕಿನಲ್ಲಿ ಆ ಕೈ ಕಾಣಿಸದ್ದರಿಂದ ವಸ್ತುವು ಸುಂದರವಾಯಿತು.

ತರುಣನಿಗೆ ಜೋಡು ತಂದುಕೊಟ್ಟೆನು. ಮೆಟ್ಟಿ ನೋಡಿ ಹಿಗ್ಗಿದನು. ಬೆಲೆ ಕೇಳಿದೊಡನೆ, “ಇಷ್ಟ್ಯಾಕ ಕೊಟ್ರಿ ಕಾಕಾ? ಚೌಕಾಶಿ ಮಾಡಲಿಲ್ಲೇನು?” ಎಂದನು.