ಮೇಥಿ ಕೈಸಾ ದೇತಾ?

ಗದಗಿನಿಂದ ಅವ್ವ ಡೊಂಬಿವಲಿಗೆ ಬಂದ ಹೊಸದು. ಇಬ್ಬರೂ ಮಾರ್ಕೆಟ್ಟಿಗೆ ಹೋಗಿದ್ದೆವು. "ಭಯ್ಯಾ, ಮೇಥಿ ಕೈಸಾ ದೇತಾ?" ಅಂದಳು ಅವ್ವ. ನಾನು ಅಲ್ಲೇ ನಕ್ಕುಬಿಟ್ಟೆ. "ಅವ್ವಾ, ಮೇಥಿ ಹೆಣ್ಣು. ಕೈಸೇ ದೀ ಅನ್ನಬೇಕು." ಮಾರುವವನೇನೂ ನಗಲಿಲ್ಲ, ರೇಟು ಹೇಳಿ ಕಟ್ಟು ಕೊಟ್ಟ. ಮರುದಿನದಿಂದ ಅವ್ವ ಮಾರ್ಕೆಟ್ಟಿಗೆ ಬರಲಿಲ್ಲ.

ಆ ನಗು ನಾನು ನನ್ನ ಮೊದಲ ಆಫೀಸಿನಲ್ಲಿ ಕಲಿತದ್ದು. "ಬಸ್ ಆ ಗಯಾ" ಅಂದಾಗಲೆಲ್ಲ ಸುತ್ತಲಿನವರು ಹಾಗೇ ನಗುತ್ತಿದ್ದರು. ನಮಗೆ ಬಸ್ಸೂ 'ಅದು', ಮೆಂತೆಯೂ 'ಅದು'. ಅವುಗಳಲ್ಲಿ ಗಂಡು ಹೆಣ್ಣು ಹುಡುಕಲು ನನಗೆ ವರ್ಷಗಳೇ ಹಿಡಿದಿದ್ದವು.

ಒಂದು ಭಾನುವಾರ ಅವ್ವನಿಗೆ ಫೋನಿನಲ್ಲಿ 'ಜಬಾನ್ ಸಂಭಾಲ್ ಕೇ' ಹಚ್ಚಿಕೊಟ್ಟೆ. 1993ರ ದೂರದರ್ಶನದ ಧಾರಾವಾಹಿ. ಬೇರೆ ಬೇರೆ ಭಾಷೆಯವರು ಹಿಂದಿ ಕಲಿಯಲು ಬರುವ ಕ್ಲಾಸು. ಮೇಷ್ಟ್ರು ಪಂಕಜ್ ಕಪೂರ್, ಸಂಸ್ಥೆಯ ಮುಖ್ಯಸ್ಥೆ ಮಿಸ್ ದೀಕ್ಷಿತ್ ಆಗಿ ಶುಭಾ ಖೋಟೆ. ವಿದ್ಯಾರ್ಥಿಗಳಲ್ಲಿ ಒಬ್ಬ ಆಕೆಯ ಸ್ವಂತ ತಮ್ಮ, 'ಶೋಲೆ'ಯ ಕಾಲಿಯಾ ವಿಜು ಖೋಟೆ.

ಅವ್ವನಿಗೆ ಅರ್ಧ ಮಾತೂ ತಿಳಿಯಲಿಲ್ಲ. ಆದರೂ ಮಿಸ್ ದೀಕ್ಷಿತ್ ಬಂದರೆ ಸಾಕು, ಮುಂದೆ ಬಾಗಿ ಕೂರುತ್ತಿದ್ದಳು. "ಈಕಿ ಸಿಟ್ಟು ಮಾರಿ ಮ್ಯಾಲಷ್ಟ ಐತಿ, ನೋಡು."

ನಾನು ಶುಭಾ ಖೋಟೆಯ ಕಥೆ ಹೇಳಿದೆ. ಈಜು, ಸೈಕಲ್ ಎರಡರಲ್ಲೂ ಚಾಂಪಿಯನ್ ಆಗಿದ್ದ ಹುಡುಗಿ. 1955ರ 'ಸೀಮಾ'ದಲ್ಲಿ ಸೈಕಲ್ ತುಳಿದುಕೊಂಡೇ ಸಿನಿಮಾಕ್ಕೆ ಬಂದಳು. ಆಮೇಲೆ 'ಸಸುರಾಲ್', 'ಜಿದ್ದಿ'ಗಳಲ್ಲಿ ಮೆಹಮೂದ್, ಧುಮಾಳ್ ಜೊತೆ ಸರಿಸಮ ನಗಿಸಿದಳು. 1981ರಲ್ಲಿ 'ಏಕ್ ದೂಜೇ ಕೇ ಲಿಯೇ' ಬಂತು. ಅದರಲ್ಲಿ ತಮಿಳು ಹುಡುಗನನ್ನು ಪ್ರೀತಿಸಿದ ಮಗಳ ಮೇಲೆ ಹರಿಹಾಯುವ ತಾಯಿ. ಹನ್ನೆರಡು ವರ್ಷಗಳ ನಂತರ, ಅದೇ ಕಣ್ಣು, ಅದೇ ಗದರಿಕೆ ಇಟ್ಟುಕೊಂಡು ಪರಭಾಷೆಯವರ ಶಾಲೆ ನಡೆಸುವ ಮಿಸ್ ದೀಕ್ಷಿತ್.

ಹೇಳುತ್ತ ಹೇಳುತ್ತ ನನಗೇ ಮುಜುಗರವಾಯಿತು. ಅವತ್ತು ಮಾರ್ಕೆಟ್ಟಿನಲ್ಲಿ ನಾನು ಆ ಸಿನಿಮಾದ ತಾಯಿಯಂತೆ ನಿಂತಿದ್ದೆ, ಅದೂ ನನ್ನವ್ವನ ಎದುರಿಗೇ.

ಅವ್ವ ಫೋನು ಕೆಳಗಿಟ್ಟಳು. "ಇಲ್ಲಿ ಎಲ್ಲಾರೂ ತಪ್ಪ ಮಾತಾಡ್ತಾರ. ಅದಕ್ಕ ಯಾರಿಗೂ ನಾಚಿಕಿ ಇಲ್ಲ."

"ನಾನು ಅವತ್ತು ನಗಬಾರದಿತ್ತು, ಅವ್ವಾ."

ಅವ್ವ ಅದಕ್ಕೆ ಏನೂ ಅನ್ನಲಿಲ್ಲ. ಸಂಜೆ ತಾನೇ ಚೀಲ ತೆಗೆದುಕೊಂಡು ಹೊರಟಳು. ಹಿಂದೆ ನಾನು.

"ಭಯ್ಯಾ, ಮೇಥಿ ಕೈಸಾ ದೇತಾ?"

ನಾನು ಚೀಲದ ಬಾಯಿ ಅಗಲಿಸಿ ಹಿಡಿದೆ. ಅವ್ವ ಎರಡು ಕಟ್ಟು ಹಾಕಿದಳು.