ಗೋಧಿ ಹೊಲದ ಚೆಂದ, ಅಡಿಕೆ ತೋಟದ ಮಳೆ

ಬಹಳ ದಿನವಾಯ್ತು ಇಲ್ಲೇನೂ ಬರೆಯದೆ. ಕೆಲಸ ಜಾಸ್ತಿ ಅಂತ ನೆಪ ಹೇಳಬಹುದು. ಆದರೆ ನಿಜ ಹೇಳಬೇಕಂದ್ರೆ, ಸತ್ತು ನೂರಾ ಮೂವತ್ತು ವರ್ಷ ದಾಟಿದ ಒಬ್ಬ ಇಂಗ್ಲಿಷ್ ಲೇಖಕ ನನ್ನ ಕೈ ಕಟ್ಟಿಹಾಕಿದ್ದಾನೆ.

2017ರಲ್ಲಿ ಕಂಪೆನಿ ಕೆಲಸದ ಮೇಲೆ ಇಂಗ್ಲೆಂಡಿನ ಸ್ವಿಂಡನ್ ಊರಲ್ಲಿ ಆರು ತಿಂಗಳಿದ್ದೆ. ಶನಿವಾರ ಬಂತೆಂದರೆ ಬೇರೆ ಕೆಲಸವಿಲ್ಲ. ಊರಂಚಿನ ಕೋಟ್ ವಾಟರ್ ಅನ್ನೋ ಕೆರೆಯ ಕಡೆ ನಡೆದು ಹೋಗ್ತಿದ್ದೆ. ನೋಡಿದರೆ ಯಾವ ಕಾಲದಿಂದಲೂ ಅಲ್ಲೇ ಇದ್ದ ಕೆರೆ ಅನ್ನಿಸುತ್ತೆ, ಅಸಲಿಗೆ 1822ರಲ್ಲಿ ಕಾಲುವೆಗೆ ನೀರುಣಿಸಲು ಕಟ್ಟಿದ್ದು. ಪಕ್ಕದಲ್ಲೇ ಒಂದು ಹಳೇ ರೈತರ ಮನೆ. ಈಗ ಮ್ಯೂಸಿಯಂ. (ಮೊದಲ ಸಲ ಹೋದಾಗ ಬಾಗಿಲು ಹಾಕಿತ್ತು. ಯಾವ ದಿನ ತೆಗೀತಾರೆ ಅಂತ ನೋಡದೇ ಹೋದದ್ದು ನನ್ನದೇ ತಪ್ಪು!) 1848ರಲ್ಲಿ ರಿಚರ್ಡ್ ಜೆಫ್ರೀಸ್ ಹುಟ್ಟಿದ್ದು ಅಲ್ಲಿ.

ಹಕ್ಕಿ, ಹುಲ್ಲು, ಬೇಲಿಸಾಲು, ಮೊಲದ ಜಾಡು... ವಿಕ್ಟೋರಿಯಾ ಕಾಲದಲ್ಲಿ ಇವನ್ನೆಲ್ಲ ಇವನಷ್ಟು ಹತ್ತಿರದಿಂದ ನೋಡಿ ಬರೆದವರು ಕಡಿಮೆ. ತಮಾಷೆ ಏನಂದ್ರೆ, ‘ದಿ ಗೇಮ್‌ಕೀಪರ್ ಅಟ್ ಹೋಮ್’ (1878), ‘ವೈಲ್ಡ್ ಲೈಫ್ ಇನ್ ಎ ಸದರ್ನ್ ಕೌಂಟಿ’ (1879) ಪುಸ್ತಕಗಳು ಬಂದಾಗ ಅವನು ಊರಲ್ಲಿರಲಿಲ್ಲ. ಲಂಡನ್ ಅಂಚಿನ ಸರ್ಬಿಟನ್‌ನಲ್ಲಿ ಮನೆ ಮಾಡಿದ್ದ. ಅಪ್ಪನ ಕೈಯಲ್ಲಿ ಜಮೀನು ಉಳಿಯಲಿಲ್ಲ. ಆ ಮುದುಕ ಕೊನೆಗೆ ಬಾತ್ ಪಟ್ಟಣದಲ್ಲಿ ಬೇರೆಯವರ ತೋಟದ ಕೆಲಸ ಮಾಡಿ ಬದುಕಿದ. ಅಂದರೆ ಬಿಟ್ಟು ಬಂದ ಊರನ್ನ ನಗರದ ಅಂಚಲ್ಲಿ ಕೂತು ಬರೆದದ್ದು. ನಮ್ಮ ಕಥೆಯೇ ಅನ್ನಿಸ್ತು, ಅಲ್ವಾ? ನನಗಂತೂ ಖುಷಿಯಾಯ್ತು.

ಆ ಖುಷಿ ಬಹಳ ದಿನ ಉಳಿಯಲಿಲ್ಲ. ಇವನ ಹೆಸರು ಮೊದಲು ದೊಡ್ಡದಾಗಿ ಕೇಳಿಬಂದದ್ದು ಹಕ್ಕಿಯಿಂದಲ್ಲ. 1872ರಲ್ಲಿ ಇಂಗ್ಲೆಂಡಿನ ಕೃಷಿ ಕೂಲಿಗಳು ಜೋಸೆಫ್ ಆರ್ಚ್ ಎಂಬವನ ಮುಂದಾಳತ್ವದಲ್ಲಿ ಸಂಘ ಕಟ್ಟಿ ಕೂಲಿ ಹೆಚ್ಚು ಮಾಡಿ ಅಂದರು. ಅದೇ ವರ್ಷ ಜೆಫ್ರೀಸ್ ‘ದಿ ಟೈಮ್ಸ್’ ಪತ್ರಿಕೆಗೆ ವಿಲ್ಟ್‌ಶೈರಿನ ಕೂಲಿಗಳ ಬಗ್ಗೆ ಪತ್ರ ಬರೆದ. ರೈತ ಯಜಮಾನರ ಪರ! ಆಗವನಿಗೆ 24 ವರ್ಷ. ಯಜಮಾನರ ಮನೆಯ ಕಿಟಕಿಯಿಂದ ನೋಡಿದರೆ ಹೊಲ ಹಾಗೇ ಕಾಣುತ್ತೆ ಅನ್ನಿ.

ಆದರೆ ಅದೇ ಮನುಷ್ಯ 1885ರಲ್ಲಿ ‘ದಿ ಓಪನ್ ಏರ್’ ಪುಸ್ತಕದಲ್ಲಿ ‘ಒನ್ ಆಫ್ ದಿ ನ್ಯೂ ವೋಟರ್ಸ್’ ಅಂತ ಒಂದು ಪ್ರಬಂಧ ಸೇರಿಸಿದ. ಹಿಂದಿನ ವರ್ಷವಷ್ಟೇ ಹಳ್ಳಿಯ ಕೂಲಿ ಗಂಡಸರಿಗೆ ಮತದಾನದ ಹಕ್ಕು ಸಿಕ್ಕಿತ್ತು. ಅದರಲ್ಲಿ ರೋಜರ್ ಅಂತ ಒಬ್ಬ ಕೊಯ್ಲಿನವನು. ಬಿಯರ್ ಕುಡಿದು ದನದ ಕೊಟ್ಟಿಗೆಯಲ್ಲಿ ಬಿದ್ದುಕೊಂಡವನು ನಸುಕಿಗೇ ಎದ್ದು ಹೊಲಕ್ಕಿಳಿಯಬೇಕು. ಆಮೇಲೆ ದಿನವಿಡೀ ಬಿಸಿಲು, ಗೋಧಿ, ಬಗ್ಗಿದ ಬೆನ್ನು. ಹೊಲ ಚೆಂದವಿದೆ ಅನ್ನೋದನ್ನ ಜೆಫ್ರೀಸ್ ಅಲ್ಲಗಳೆಯೋದಿಲ್ಲ, ಗೋಧಿಯ ಬಣ್ಣ, ನಡುವಿನ ಹೂವು ಎಲ್ಲಾ ಇದೆ. ಆದರೆ ಕೊಯ್ಯುವವನಿಗೆ ಅದರಲ್ಲಿ ಪಾಲಿಲ್ಲ. ಆ ಎರಡನ್ನೂ ಒಂದೇ ಕಡೆ ಇಟ್ಟು ಸುಮ್ಮನಾಗ್ತಾನೆ. 1872ರ ಪತ್ರ ಬರೆದ ಕೈಯೇ ಇದು ಅಂತ ನಂಬೋದು ಕಷ್ಟ.

ಅಷ್ಟರಲ್ಲಿ ಅವನೂ ಹಾಸಿಗೆ ಹಿಡೀತಿದ್ದ. ಕ್ಷಯ. ಕೈಯಲ್ಲಿ ಪೆನ್ನು ನಿಲ್ಲದೇ ಹೋದಾಗ ಹೆಂಡತಿ ಜೆಸ್ಸಿ, ಅವನು ಹೇಳಿದ್ದನ್ನ ಬರೆದುಕೊಂಡಳು. ಪ್ರತಿ ವರ್ಷ ಯಾವ ಹೂವು, ಯಾವ ಹಕ್ಕಿ ಎಂದು ಬಂತು ಅಂತ ತಾರೀಕು ಗುರುತು ಹಾಕ್ತಿದ್ದವನು, ತಾನು ಹೊರಗೆ ಹೋಗದಿದ್ದರೂ ಅವು ಬರ್ತಾವೆ, ತನ್ನ ಅಗತ್ಯ ಅವಕ್ಕಿಲ್ಲ ಅನ್ನೋದನ್ನ ‘ಅವರ್ಸ್ ಆಫ್ ಸ್ಪ್ರಿಂಗ್’ ಪ್ರಬಂಧದಲ್ಲಿ ಹೇಳಿಕೊಂಡಿದ್ದಾನೆ. ಅದನ್ನ ಓದಿ ಒಂದು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. 1887ರ ಆಗಸ್ಟಿನಲ್ಲಿ, ಸಸೆಕ್ಸಿನ ಸಮುದ್ರತೀರದ ಗೋರಿಂಗ್‌ನಲ್ಲಿ ತೀರಿಕೊಂಡ. 38 ವರ್ಷ ಅಷ್ಟೇ.

ಇನ್ನು ನನ್ನ ವಿಷಯ. ಹಳೇ ಓದುಗರಿಗೆ ನೆನಪಿರಬಹುದು, ನಮ್ಮನೆ ಅಡಿಕೆ ತೋಟದ ಮಳೆ ಬಗ್ಗೆ ಒಂದು ಪೋಸ್ಟ್ ಹಾಕಿದ್ದೆ. ಹಂಡೆ ಒಲೆ, ಕಂಬಳಿಕೊಪ್ಪೆ, ಹಲಸಿನ ಹಪ್ಪಳ, ಕಪ್ಪೆಗಳ ವಟವಟ... ನೀವೆಲ್ಲ ಕಾಮೆಂಟಲ್ಲಿ ಹೊಗಳಿದ್ದೇ ಹೊಗಳಿದ್ದು. ಮೊನ್ನೆ ಅದನ್ನ ಮತ್ತೆ ಓದಿದೆ. ಮಳೆ ಒಂದು ಗಳಿಗೆ ಬಿಟ್ಟಾಗ ಜಾರುವ ಮರ ಹತ್ತಿ, ಒಂದು ಮರದಿಂದ ಇನ್ನೊಂದಕ್ಕೆ ದಾಟುತ್ತಾ ಕೊಳೆರೋಗಕ್ಕೆ ಔಷಧಿ ಹೊಡೀತಿದ್ದ ಕೊನೆಗೌಡ ಅದರಲ್ಲಿ ಎಲ್ಲೂ ಇಲ್ಲ! ಅವನು ಮೇಲಿರುವಾಗ ಕೆಳಗೆ ನಿಂತು ಮೈಲುತುತ್ತದ ನೀಲಿ ನೀರು ತಲೆಮೇಲೆ ಬೀಳದ ಹಾಗೆ ಕೊಡೆ ಹಿಡಿದವನು ನಾನೇ. ಕೊಡೆ ಪೋಸ್ಟಲ್ಲಿದೆ, ಅವನಿಲ್ಲ.

ತಿದ್ದಿ ಬರೆಯೋಣ ಅಂತ ಕೂತೆ. ದಿನಕ್ಕೆ ಎಷ್ಟು ಮರ ಹತ್ತುತ್ತಿದ್ದ, ಕೂಲಿ ಎಷ್ಟು ಕೊಡ್ತಿದ್ದೆವು, ಒಂದೂ ಗೊತ್ತಿಲ್ಲ. ಅಮ್ಮನಿಗೆ ಫೋನ್ ಮಾಡಿ ಕೇಳಿದೆ.

“ಅದೆಲ್ಲ ಈಗ್ಯಾಕೋ ನಿಂಗೆ? ಅವನು ಮರ ಹತ್ತೋದು ಬಿಟ್ಟು ನಾಲ್ಕು ವರ್ಷ ಆತು. ಸೊಂಟ ನೋವು, ಮನೇಲೇ ಇರ್ತಾನೆ” ಅಂದಳು.

ಮುಂದಿನ ವಾರ ಊರಿಗೆ ಹೋಗ್ತಿದ್ದೀನಿ. ಅವನ ಮನೆಗೊಮ್ಮೆ ಹೋಗಿ ಬರಬೇಕು. ಇಷ್ಟು ವರ್ಷ ನಮ್ಮ ತೋಟಕ್ಕೆ ಬಂದವನ ಮನೆ ಹೊಳೆಯಾಚೆ ಎಲ್ಲೋ ಅಂತ ಮಾತ್ರ ಗೊತ್ತು, ದಾರಿಯನ್ನ ಅಮ್ಮನ ಹತ್ತಿರವೇ ಕೇಳಿಕೊಳ್ಳಬೇಕು.